ಹೊಸ ಮೀನು ಹೊಂಡ ಹಾಗೂ ಗಾಜಿನ ತೊಟ್ಟಿಗಳಲ್ಲಿ ನೀರು ಬಗ್ಗಡವಾಗುವುದು: ಕಾರಣಗಳು ಮತ್ತು ಕೈಗೊಳ್ಳಬೇಕಾದ ಕ್ರಮಗಳು

(ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಅರ್ಜಿದಾರರ ಮಾಹಿತಿಗಾಗಿ)

ಮೇಲ್ಕಂಡ ಐದು ತಾಲ್ಲೂಕುಗಳಲ್ಲಿ ಕೃಷಿ ಹೊಂಡ ನಿರ್ಮಿಸಿಕೊಂಡು ಮೀನು ಸಾಕಣೆಗೆ ಮುಂದಾಗುವ ರೈತರು ಹಾಗೂ ಅಲಂಕಾರಿಕ ಮೀನು ಸಾಕಣೆ ಘಟಕಕ್ಕೆ ಅರ್ಜಿ ಸಲ್ಲಿಸುವ ಸಾರ್ವಜನಿಕರು ಮೊದಲ ತಿಂಗಳಿನಲ್ಲಿಯೇ ಎದುರಿಸುವ ತೊಂದರೆ ಒಂದೇ ಆಗಿರುತ್ತದೆ. ಅದು ನೀರು ತಿಳಿಯಾಗದೇ ಇರುವುದು. ಈ ಬಗ್ಗೆ ತಿಳಿದುಕೊಳ್ಳಲು ಬರುವ ಬಹುತೇಕರು ಅಷ್ಟರಲ್ಲಾಗಲೇ ಯಾವುದಾದರೊಂದು ಪುಡಿಯನ್ನು ನೀರಿಗೆ ಸುರಿದು ಬಂದಿರುತ್ತಾರೆ. ಬಗ್ಗಡಕ್ಕೆ ಕಾರಣ ಹಲವು ಇದ್ದು, ಒಂದಕ್ಕೆ ಮದ್ದಾಗುವ ವಸ್ತು ಇನ್ನೊಂದಕ್ಕೆ ಕೇಡಾಗುತ್ತದೆ. ಆದುದರಿಂದ ಕಾರಣ ತಿಳಿಯುವವರೆಗೆ ನೀರಿಗೆ ಏನನ್ನೂ ಹಾಕಬಾರದು ಮತ್ತು ನೀರು ಹದಕ್ಕೆ ಬರುವವರೆಗೆ ಮೀನನ್ನೂ ಬಿಡಬಾರದು ಎಂಬುದನ್ನು ಎಲ್ಲಾ ಅರ್ಜಿದಾರರ ಗಮನಕ್ಕೆ ತರಲಾಗಿದೆ.

ಇದರಲ್ಲಿ ಆತುರ ಸಹಜವೇ. ಕಾಟ್ಲಾ, ರೋಹು, ಮೃಗಾಲ್ ಮುಂತಾದ ಗೆಂಡೆ ಜಾತಿಯ ಮೀನುಗಳು ಮುಂಗಾರಿನಲ್ಲಿ ಸಂತಾನಾಭಿವೃದ್ಧಿ ಮಾಡುವುದರಿಂದ ಬಿತ್ತನೆ ಮರಿಗಳು ಹೇರಳವಾಗಿ ದೊರೆಯುವುದು ಆ ಕಾಲದಲ್ಲಿಯೇ. ಮಳೆಯಾಶ್ರಿತ ಹೊಂಡಗಳಲ್ಲಿ ಬೇಸಿಗೆಯ ಹೊತ್ತಿಗೆ ನೀರು ಇಳಿದುಹೋಗುತ್ತದೆ. ಅಂದರೆ ಮರಿ ಬಿಟ್ಟು ಮೀನು ಹಿಡಿಯಲು ರೈತನಿಗೆ ಸಿಗುವುದು ಆರೇಳು ತಿಂಗಳು ಮಾತ್ರ. ಆಗಸ್ಟ್ ತಿಂಗಳಲ್ಲಿ ಮರಿಗಳು ಸತ್ತರೆ ಆ ವರ್ಷದ ಆದಾಯ ಬಹುಮಟ್ಟಿಗೆ ಹೋದಂತೆಯೇ. ಹದಿನೈದು ದಿನ ಕಾಯುವುದು ನಷ್ಟವೆಂದು ಭಾವಿಸುವವರು ಈ ಲೆಕ್ಕವನ್ನೂ ಹಾಕಿಕೊಳ್ಳುವುದು ಸೂಕ್ತ.

ಮೊದಲು ಬಾಟಲಿ ಪರೀಕ್ಷೆ

ಬಣ್ಣವಿಲ್ಲದ ಒಂದು ಲೀಟರಿನ ಸ್ವಚ್ಛ ಬಾಟಲಿಯಲ್ಲಿ, ದಡದ ಬಳಿಯ ಕದಡಿದ ನೀರನ್ನು ಬಿಟ್ಟು, ಒಂದು ಮೊಳದಷ್ಟು ಆಳದ ನೀರನ್ನು ತುಂಬಿಕೊಂಡು ನೆರಳಿನಲ್ಲಿ ಅಲುಗಾಡದಂತೆ ಇಡತಕ್ಕದ್ದು. ಮರುದಿನ ಬೆಳಿಗ್ಗೆ ತಳದಲ್ಲಿ ಕೆಂಪು ಅಥವಾ ಕಪ್ಪು ಗಸಿ ಕುಳಿತು ಮೇಲಿನ ನೀರು ತಿಳಿಯಾಗಿದ್ದರೆ ಅದು ಕೇವಲ ಹೂಳು. ಹೊಸ ನೀರಿನ ಹರಿವನ್ನು ತಡೆದರೆ ಸಾಕು, ಹೊಂಡದಲ್ಲಿಯೂ ಅದು ತಾನಾಗಿ ಕೂರುತ್ತದೆ. ಮೂರು ನಾಲ್ಕು ದಿನ ಕಳೆದರೂ ನೀರು ಚಹಾದ ಬಣ್ಣದಲ್ಲಿಯೇ ಉಳಿದರೆ ಅದು ಅತಿ ಸೂಕ್ಷ್ಮ ಜೇಡಿ ಕಣ. ಹಸಿರಾಗಿದ್ದರೆ ಪಾಚಿ. ಹಾಲು ಬೆರೆಸಿದಂತೆ ಬಿಳುಪಾಗಿದ್ದು ತಳದಲ್ಲಿ ಏನೂ ಕೂರದಿದ್ದರೆ ಬ್ಯಾಕ್ಟೀರಿಯಾ. ಬಿಳಿಯ ಪುಡಿ ಕುಳಿತು, ಆ ಪುಡಿಯ ಮೇಲೆ ನಿಂಬೆರಸ ಹಿಂಡಿದಾಗ ನೊರೆ ಬಂದರೆ ಕೊಳವೆಬಾವಿ ನೀರಿನ ಸುಣ್ಣ. ಒಂದಕ್ಕಿಂತ ಹೆಚ್ಚು ಕಾರಣಗಳು ಕೂಡಿಯೂ ಇರಬಹುದು. ಅಂತಹ ಸಂದರ್ಭದಲ್ಲಿ ಮಣ್ಣಿನ ಬಗ್ಗಡವನ್ನು ಮೊದಲು ಸರಿಪಡಿಸಿಕೊಳ್ಳಬೇಕು.

ತಿಳಿ ನೀರೆಲ್ಲವೂ ಒಳ್ಳೆಯ ನೀರಲ್ಲ ಎಂಬುದನ್ನು ಈ ಭಾಗದವರಿಗೆ ಬೇರೆಯಾಗಿ ಹೇಳಬೇಕಿಲ್ಲ. ಕೂಡ್ಲಿಗಿ ಕಡೆಯ ಹಲವು ಗ್ರಾಮಗಳಲ್ಲಿ ಕೊಳವೆಬಾವಿ ನೀರು ಕನ್ನಡಿಯಂತಿದ್ದರೂ ಅದರಲ್ಲಿರುವ ಫ್ಲೋರೈಡ್ ಕಣ್ಣಿಗೆ ಕಾಣುವುದಿಲ್ಲ. ಮೀನಿನ ನೀರಿನ ವಿಷಯದಲ್ಲಿಯೂ ಹಾಗೆಯೇ. ಕೊಲ್ಲುವ ಅಮೋನಿಯಾಕ್ಕೆ ಬಣ್ಣವಿಲ್ಲ, ಹೆದರಿಸುವ ಬಗ್ಗಡ ಎಷ್ಟೋ ಸಲ ನಿರಪಾಯಕಾರಿ.

ಮಣ್ಣಿನ ಬಗ್ಗಡ

ಕೂಡ್ಲಿಗಿ ಮತ್ತು ಕೊಟ್ಟೂರು ಭಾಗದ ಕೆಂಪು ಮಣ್ಣಿನಲ್ಲಿ ಮರಳಿನ ಅಂಶ ಇರುವುದರಿಂದ ಹೂಳು ಬೇಗ ಕೂರುತ್ತದೆ. ತುಂಗಭದ್ರಾ ನದಿಯ ಕಡೆಗೆ, ಹೂವಿನಹಡಗಲಿ ಭಾಗದಲ್ಲಿ ಸಿಗುವ ಎರೆ ಮಣ್ಣಿನಲ್ಲಿ ಜೇಡಿ ಹೆಚ್ಚಾಗಿದ್ದು ನೀರು ವಾರಗಟ್ಟಲೆ ತಿಳಿಯಾಗುವುದಿಲ್ಲ. ಜೇಡಿ ಕಣಗಳು ಒಂದೇ ಬಗೆಯ ವಿದ್ಯುದಂಶವನ್ನು ಹೊಂದಿದ್ದು ಪರಸ್ಪರ ದೂರ ತಳ್ಳುವುದೇ ಇದಕ್ಕೆ ಕಾರಣ. ಕಣಗಳು ಒಂದಕ್ಕೊಂದು ಅಂಟಿ ಭಾರವಾಗದ ಹೊರತು ತಳ ಸೇರುವುದಿಲ್ಲ.

ದಪ್ಪ ಹೂಳು ತಾನಾಗಿ ಕೂರುತ್ತದೆ ಎಂಬುದಕ್ಕೆ ನಮ್ಮ ಎದುರಿಗಿರುವ ದೊಡ್ಡ ಉದಾಹರಣೆ ಎಂದರೆ 1953ರಲ್ಲಿ ಮೊದಲು ನೀರು ಬಿಡಲಾದ ತುಂಗಭದ್ರಾ ಜಲಾಶಯ. ಮುಂಗಾರಿನಲ್ಲಿ ಕೆಂಪಾಗಿ ಬರುವ ಹೊಳೆ ನಿಂತ ನೀರನ್ನು ಸೇರಿದ ಕೂಡಲೇ ಹೊತ್ತು ತಂದದ್ದನ್ನು ಇಳಿಸುತ್ತದೆ. ಆರಂಭದಲ್ಲಿ ಸುಮಾರು 132.47 ಟಿ.ಎಂ.ಸಿ. ಇದ್ದ ಸಾಮರ್ಥ್ಯವು 2016ರ ಸಮೀಕ್ಷೆಯಲ್ಲಿ 105.79 ಟಿ.ಎಂ.ಸಿ.ಗೆ ಇಳಿದಿರುವುದು ಹೀಗೆ ಕುಳಿತ ಹೂಳಿನಿಂದಲೇ. ಹೊಂಡಕ್ಕೂ ಇದೇ ಗತಿ ಬಾರದಿರಲು ನೀರು ಒಳಬರುವ ಕಡೆ ಹೂಳು ಗುಂಡಿ ಇರುವುದು ಅವಶ್ಯಕ. ಪ್ರತಿ ದೊಡ್ಡ ಮಳೆಯ ನಂತರ ಅದನ್ನು ತೆಗೆಸತಕ್ಕದ್ದು. ಗುಂಡಿ ತುಂಬಿದ ಮೇಲೆ ಅದು ಇದ್ದೂ ಇಲ್ಲದಂತೆ.

2014-15ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಡಿ ನಿರ್ಮಿಸಿದ ಹಲವು ಹೊಂಡಗಳಿಗೆ ಪಾಲಿಥೀನ್ ಹೊದಿಕೆ ಇರುತ್ತದೆ. ಹೊದಿಕೆಯ ಹೊಂಡದಲ್ಲಿ ಮಣ್ಣು ತಳದಿಂದ ಏಳುವುದಿಲ್ಲ, ಹರಿದು ಬಂದ ನೀರಿನೊಡನೆಯೇ ಬರುತ್ತದೆ. ಆದರೆ ಅಲ್ಲಿ ಬೇರೊಂದು ಸೂಕ್ಷ್ಮವಿದೆ. ಬರಿಯ ಮಳೆ ನೀರು ಮೆದು ನೀರಾಗಿದ್ದು, ಜೇಡಿಯನ್ನು ಒಗ್ಗೂಡಿಸುವ ಕ್ಯಾಲ್ಸಿಯಂ ಅದರಲ್ಲಿ ತೀರಾ ಕಡಿಮೆ. ಆದ್ದರಿಂದ ಹೊದಿಕೆ ಹಾಕಿದ ಹೊಂಡದಲ್ಲಿ ಬಗ್ಗಡ ಹೆಚ್ಚು ದಿನ ನಿಲ್ಲುವುದುಂಟು. ಕುಡಿಯಲು ಬೇಡವೆನಿಸುವ ನಮ್ಮ ಗಡಸು ನೀರು ಇಲ್ಲಿ ಉಪಕಾರಿ. ಕೊಳವೆಬಾವಿ ಇರುವವರು ಹೊಂಡದ ನೀರು ಮೂರು ಪಾಲಿಗೆ ಒಂದು ಪಾಲಿನಂತೆ ಆ ನೀರನ್ನು ಬಕೆಟ್ಟಿನಲ್ಲಿ ಬೆರೆಸಿ ಒಂದು ದಿನ ಇಟ್ಟು ನೋಡಬೇಕು. ತಿಳಿಯಾದರೆ ಯಾವ ರಾಸಾಯನಿಕಕ್ಕೂ ಖರ್ಚು ಮಾಡಬೇಕಾಗಿಲ್ಲ.

ಹೊದಿಕೆ ಇಲ್ಲದ ಹೊಂಡಗಳಲ್ಲಿ ದನ ಎಮ್ಮೆಗಳು ಇಳಿಯದಂತೆ ಬೇಲಿ ಹಾಕಬೇಕು, ಏರಿಯ ಇಳಿಜಾರಿಗೆ ಹುಲ್ಲು ನೆಡಬೇಕು. ತಳದ ಕೆಸರನ್ನು ಮೂತಿಯಿಂದ ಕೆದಕಿ ಆಹಾರ ಹುಡುಕುವ ಸಾಮಾನ್ಯ ಗೆಂಡೆಯನ್ನು ಮೊದಲ ವರ್ಷ ಬಿಡದಿರುವುದು ಲೇಸು. ಕಲಕು ನೀರಿನಲ್ಲೂ ಬದುಕುತ್ತದೆಂಬ ಕಾರಣ ನೀಡಿ ಆಫ್ರಿಕನ್ ಕ್ಯಾಟ್‌ಫಿಶ್ ಮರಿಗಳನ್ನು ಮಾರಲು ಬರುವವರಿದ್ದಾರೆ. ಸದರಿ ಮೀನಿನ ಸಾಕಣೆ ನಿಷೇಧಿಸಲ್ಪಟ್ಟಿದ್ದು, ಯಾರೂ ಕೊಳ್ಳಬಾರದು.

ಮಣ್ಣಿನ ಬಗ್ಗಡ ಗೆಂಡೆ ಮೀನನ್ನು ನೇರವಾಗಿ ಕೊಲ್ಲುವುದು ಅಪರೂಪ. ಅದು ಬೆಳಕನ್ನು ತಡೆಯುತ್ತದೆ, ಬೆಳಕಿಲ್ಲದೆ ಸೂಕ್ಷ್ಮ ಸಸ್ಯಗಳು ಬೆಳೆಯುವುದಿಲ್ಲ, ಅವುಗಳಿಲ್ಲದೆ ನೀರಿನ ಮೇಲ್ಪದರದ ಪ್ಲವಕಗಳನ್ನು ಅವಲಂಬಿಸಿದ ಕಾಟ್ಲಾ ಸೊರಗುತ್ತದೆ. ಮೀನು ಸಾಯಲಿಲ್ಲವೆಂಬ ಸಮಾಧಾನದಲ್ಲಿ ಆರು ತಿಂಗಳು ಕಳೆದು, ಕೊನೆಗೆ ಅಂಗೈಯಗಲದ ಮೀನು ಕೈಗೆ ಬಂದಾಗ ನಷ್ಟ ತಿಳಿಯುತ್ತದೆ.

ಪಟಿಕ ಬಳಸುವ ಲೆಕ್ಕ

ಮೇಲಿನ ಕ್ರಮಗಳಿಂದ ಜೇಡಿ ಕೂರದಿದ್ದಲ್ಲಿ ಮಾತ್ರ ಪಟಿಕ, ಅಂದರೆ ಆಲಂ, ಬಳಸಬಹುದು. ಪ್ರಮಾಣವನ್ನು ಅಂದಾಜಿನಲ್ಲಿ ನಿರ್ಧರಿಸಬಾರದು. 10 ಗ್ರಾಂ ಪಟಿಕವನ್ನು ಒಂದು ಲೀಟರ್ ನೀರಿನಲ್ಲಿ ಪೂರ್ಣ ಕರಗಿಸಿಟ್ಟುಕೊಳ್ಳಬೇಕು. ಹೊಂಡದ ನೀರನ್ನು 10 ಲೀಟರಿನ ನಾಲ್ಕು ಬಕೆಟ್ಟುಗಳಲ್ಲಿ ತುಂಬಿ, ಒಂದನ್ನು ಹಾಗೆಯೇ ಬಿಟ್ಟು, ಉಳಿದವುಗಳಿಗೆ ಕ್ರಮವಾಗಿ 10, 20 ಮತ್ತು 30 ಮಿಲಿಲೀಟರ್ ದ್ರಾವಣ ಹಾಕಿ ಕೋಲಿನಿಂದ ನಿಧಾನವಾಗಿ ತಿರುಗಿಸಿ ಒಂದೆರಡು ಗಂಟೆ ಬಿಡಬೇಕು. ಈ ಅಳತೆಯ ಅನುಕೂಲವೆಂದರೆ, ಬಕೆಟ್ಟಿಗೆ ಹಾಕಿದ ಮಿಲಿಲೀಟರ್ ಎಷ್ಟೋ ಹೊಂಡದ ಪ್ರತಿ ಘನ ಮೀಟರ್ ನೀರಿಗೆ ಬೇಕಾಗುವ ಪಟಿಕ ಅಷ್ಟೇ ಗ್ರಾಂ. ನೀರು ತಿಳಿಯಾದ ಬಕೆಟ್ಟುಗಳ ಪೈಕಿ ಅತಿ ಕಡಿಮೆ ಪ್ರಮಾಣದ್ದನ್ನು ಆಯ್ದುಕೊಳ್ಳತಕ್ಕದ್ದು.

ಹೊಂಡದ ನೀರಿನ ಲೆಕ್ಕದಲ್ಲಿ ಬಹಳಷ್ಟು ಜನ ತಪ್ಪುತ್ತಾರೆ. ಉದ್ದ, ಅಗಲ, ಆಳವನ್ನು ನೇರವಾಗಿ ಗುಣಿಸಿದರೆ 12 x 12 x 3 ಮೀಟರ್ ಹೊಂಡಕ್ಕೆ 432 ಘನ ಮೀಟರ್ ಬರುತ್ತದೆ. ಆದರೆ ಬದಿಗಳು ಇಳಿಜಾರಾಗಿರುತ್ತವೆ. ಒಂದಕ್ಕೆ ಒಂದರ ಇಳಿಜಾರು ಎಂದಿಟ್ಟುಕೊಂಡರೆ ತಳ 6 x 6 ಮೀಟರ್ ಮಾತ್ರ ಉಳಿದು, ತುಂಬಿದಾಗ ನೀರು 252 ಘನ ಮೀಟರ್ ಆಗುತ್ತದೆ. ಘನ ಮೀಟರಿಗೆ 20 ಗ್ರಾಂನಂತೆ ಬೇಕಾಗುವ ಪಟಿಕ ಸುಮಾರು 5 ಕಿಲೋ. ತಪ್ಪು ಲೆಕ್ಕದಲ್ಲಿ ಅದು ಎಂಟೂವರೆ ಕಿಲೋ ದಾಟುತ್ತದೆ. 21 x 21 x 3 ಮೀಟರ್ ಹೊಂಡಕ್ಕೆ ಇದೇ ಇಳಿಜಾರಿನಲ್ಲಿ 981 ಘನ ಮೀಟರ್ ನೀರು, 20 ಕಿಲೋಗೆ ತುಸು ಕಡಿಮೆ ಪಟಿಕ. ಹೊಂಡ ಅರ್ಧ ತುಂಬಿದ್ದರೆ ನೀರು ಅರ್ಧಕ್ಕಿಂತಲೂ ಸಾಕಷ್ಟು ಕಡಿಮೆ ಇರುತ್ತದೆ ಎಂಬುದನ್ನೂ ಗಮನಿಸಬೇಕು.

ಪಟಿಕವು ನೀರಿನ ಕ್ಷಾರಗುಣವನ್ನು ಕುಗ್ಗಿಸಿ ಹುಳಿಯ ಕಡೆಗೆ ತಿರುಗಿಸುತ್ತದೆ. ಕೊಳವೆಬಾವಿಯ ನೀರಿಗೆ ಅದನ್ನು ತಾಳುವ ಶಕ್ತಿ ಇದೆ, ಬರಿಯ ಮಳೆ ನೀರಿಗೆ ಇಲ್ಲ. ಅಂತಹ ಹೊಂಡಕ್ಕೆ ಮೊದಲು ಕೃಷಿ ಸುಣ್ಣ ಹಾಕಿಕೊಳ್ಳಬೇಕು, ಇಲ್ಲವೇ ಪಟಿಕದ ಬದಲು ಜಿಪ್ಸಂ ಬಳಸಬೇಕು. ಜಿಪ್ಸಂ ಹುಳಿ ತರುವುದಿಲ್ಲ, ಆದರೆ ಘನ ಮೀಟರಿಗೆ 250ರಿಂದ 500 ಗ್ರಾಂ ಬೇಕಾಗುವುದರಿಂದ ದೊಡ್ಡ ಹೊಂಡಕ್ಕೆ ಮೂಟೆಗಟ್ಟಲೆ ಹಿಡಿಯುತ್ತದೆ. ಯಾವುದೇ ಆಗಲಿ, ಮರಿ ಬಿಡುವ ಮುಂಚೆ, ಗಾಳಿ ಮಳೆ ಇಲ್ಲದ ದಿನ, ನೀರಿನಲ್ಲಿ ಕದಡಿ ಹೊಂಡದ ಮೇಲೆಲ್ಲಾ ಸಮನಾಗಿ ಚಿಮುಕಿಸಬೇಕು. ಗಡ್ಡೆಯನ್ನು ಹಗ್ಗಕ್ಕೆ ಕಟ್ಟಿ ಒಂದೇ ಕಡೆ ತೂಗುಬಿಡುವುದು ಪ್ರಯೋಜನವಿಲ್ಲ.

ಮನೆಯ ಕೊಡದ ನೀರಿಗೆ ಚಿಲ್ಲದ ಬೀಜ ತೇಯ್ದು ಹಾಕುವುದು, ನುಗ್ಗೆ ಬೀಜದ ಪುಡಿ ಬೆರೆಸುವುದು ಹಿರಿಯರಿಂದ ಬಂದ ಪದ್ಧತಿ. ಅದು ಕೆಲಸ ಮಾಡುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಹೊಂಡದ ಪ್ರಮಾಣಕ್ಕೆ ಬೇಕಾಗುವಷ್ಟು ಬೀಜದ ಪುಡಿ ನೀರಿನಲ್ಲಿ ಕೊಳೆತು ಆಮ್ಲಜನಕವನ್ನು ಕಸಿಯುವುದರಿಂದ ಅದನ್ನು ಕೊಡಕ್ಕೇ ಮೀಸಲಿಡುವುದು ಒಳಿತು.

ಹಾಲಿನಂತಹ ಬಿಳುಪು

ಗಾಜಿನ ತೊಟ್ಟಿ ಹಾಗೂ ಸಿಮೆಂಟ್ ತೊಟ್ಟಿಗಳಲ್ಲಿ ನೀರು ತುಂಬಿದ ಎರಡನೆಯ ದಿನದಿಂದ ಹತ್ತನೆಯ ದಿನದೊಳಗೆ ಕಾಣಿಸಿಕೊಳ್ಳುವ ಬಿಳುಪು ಸಾಮಾನ್ಯವಾಗಿ ಬ್ಯಾಕ್ಟೀರಿಯಾಗಳದ್ದು. ಉಳಿದ ಆಹಾರ ಹಾಗೂ ಮೀನಿನ ಹೇಸಿಗೆಯನ್ನು ತಿಂದು ಅವು ಒಮ್ಮೆಲೇ ಹೆಚ್ಚುತ್ತವೆ, ಆಹಾರ ಕಡಿಮೆಯಾದಾಗ ತಾವಾಗಿ ಇಳಿಯುತ್ತವೆ. ಈ ಬಿಳುಪಿಗೆ ಔಷಧ ಬೇಕಾಗಿಲ್ಲ. ಗಾಬರಿಗೊಂಡು ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ ತೊಳೆದವರಿಗೆ ಮುಂದಿನ ವಾರ ಅದೇ ಬಿಳುಪು ಮತ್ತೆ ಎದುರಾಗುತ್ತದೆ.

ನಿಜವಾದ ಅಪಾಯ ಈ ಬಿಳುಪಿನ ಹಿಂದೆ ಇದೆ. ಮೀನಿನ ಹೇಸಿಗೆಯಿಂದ ಅಮೋನಿಯಾ ಉಂಟಾಗುತ್ತದೆ. ಅದನ್ನು ಒಂದು ಜಾತಿಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಯೂ, ಇನ್ನೊಂದು ಜಾತಿ ಅದನ್ನು ಬಹುಮಟ್ಟಿಗೆ ನಿರುಪದ್ರವಿಯಾದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಉಪಕಾರಿ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲುವುದಕ್ಕಿಂತ ಫಿಲ್ಟರಿನಲ್ಲಿ, ಜಲ್ಲಿಯ ಮೇಲೆ ನೆಲೆಯೂರುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಷ್ಟರೊಳಗೆ ಹತ್ತಾರು ಮೀನು ಬಿಟ್ಟರೆ ಅಮೋನಿಯಾ ಏರಿ, ನೀರು ತಿಳಿಯಾದ ಮೇಲೆಯೇ ಮೀನುಗಳು ಸಾಯತೊಡಗುತ್ತವೆ. ತಿಳಿ ನೀರಿನಲ್ಲಿ ಮೀನು ಸತ್ತದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಇದೇ.

ನಮ್ಮ ಭಾಗದಲ್ಲಿ ಈ ಎಚ್ಚರಿಕೆ ಇನ್ನಷ್ಟು ಅಗತ್ಯ. ನೀರಿನ ಶಾಖ 28 ಡಿಗ್ರಿ ಇರುವಾಗ, ಪಿ.ಎಚ್. 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಶೇಕಡಾ 1ಕ್ಕಿಂತ ಕಡಿಮೆ ಭಾಗ ಮಾತ್ರ ವಿಷರೂಪದಲ್ಲಿರುತ್ತದೆ. ಪಿ.ಎಚ್. 8.5 ಇದ್ದರೆ ಅದು ಶೇಕಡಾ 18ರ ಆಸುಪಾಸಿಗೆ ಏರುತ್ತದೆ. ಕ್ಷಾರದ ಕೊಳವೆಬಾವಿ ನೀರು ಬಳಸುವವರು ಬೇರೆ ಊರಿನ ಅಂಗಡಿಯವರು ಹೇಳುವ ಸಂಖ್ಯೆಯಷ್ಟು ಮೀನುಗಳನ್ನು ಆರಂಭದಲ್ಲಿಯೇ ಬಿಡುವುದು ಸಲ್ಲದು. ಮೊದಲಿಗೆ ಗಟ್ಟಿ ಜೀವದ ಎರಡು ಮೂರು ಮೀನು ಬಿಟ್ಟು, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ, ವಾರಕ್ಕೊಮ್ಮೆ ನಾಲ್ಕನೇ ಒಂದು ಭಾಗ ನೀರು ಬದಲಿಸುತ್ತಾ ಹೋಗಬೇಕು. ನಲ್ಲಿ ನೀರಿಗೆ ಬ್ಲೀಚಿಂಗ್ ಪುಡಿ ಬೆರೆಸಿರುವ ಸಾಧ್ಯತೆ ಇರುವುದರಿಂದ ಒಂದು ದಿನ ತೆರೆದ ಪಾತ್ರೆಯಲ್ಲಿಟ್ಟು ಬಳಸತಕ್ಕದ್ದು. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯದೆ ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಹಿಂಡಬೇಕು, ಇಲ್ಲವಾದಲ್ಲಿ ಬೆಳೆಸಿದ ಬ್ಯಾಕ್ಟೀರಿಯಾ ಅಲ್ಲಿಯೇ ಸಾಯುತ್ತದೆ.

ಕೊಳವೆಬಾವಿ ನೀರಿನ ಸುಣ್ಣದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ನೆಲದಾಳದ ನೀರು ಗಾಳಿಗೆ ತೆರೆದುಕೊಂಡಾಗ ಅದರಲ್ಲಿನ ಇಂಗಾಲದ ಡೈಆಕ್ಸೈಡ್ ಹೊರಹೋಗಿ, ಕರಗಿದ್ದ ಸುಣ್ಣ ಪುಡಿಯಾಗಿ ಬೇರ್ಪಡುತ್ತದೆ. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದೂ ಇದರಿಂದಲೇ. ಎರಡು ದಿನ ಬೇರೆ ತೊಟ್ಟಿಯಲ್ಲಿ ನಿಲ್ಲಿಸಿ ಮೇಲಿನ ನೀರನ್ನು ಬಳಸಿದರೆ ಸಾಕು.

ಹಸಿರು ನೀರು

ಹೊಂಡದ ನೀರು ತೆಳು ಹಸಿರಾಗಿರುವುದು ದೋಷವಲ್ಲ. ಗೆಂಡೆ ಮೀನಿಗೆ ಅದೇ ಮೇವು. ಬಿಳಿ ಕಪ್ಪು ಬಣ್ಣ ಬಳಿದ 20 ಸೆಂ.ಮೀ. ಅಗಲದ ತಟ್ಟೆಯನ್ನು ದಾರ ಕಟ್ಟಿ ನೀರಿಗಿಳಿಸಿದಾಗ 30ರಿಂದ 45 ಸೆಂ.ಮೀ. ಆಳದಲ್ಲಿ ಮರೆಯಾದರೆ ನೀರು ಹದವಾಗಿದೆ ಎಂದು ತಿಳಿಯಬೇಕು. 20 ಸೆಂ.ಮೀ. ಒಳಗೇ ಮರೆಯಾದರೆ ಸಗಣಿ ಗೊಬ್ಬರ ಮತ್ತು ಆಹಾರ ಎರಡನ್ನೂ ನಿಲ್ಲಿಸಬೇಕು. ದಟ್ಟ ಪಾಚಿ ಹಗಲು ಆಮ್ಲಜನಕ ಕೊಟ್ಟರೂ ರಾತ್ರಿ ತಾನೇ ಬಳಸುವುದರಿಂದ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ಆ ಹೊತ್ತಿನಲ್ಲಿ ಪಂಪಿನಿಂದ ನೀರೆತ್ತಿ ಎತ್ತರದಿಂದ ಹೊಂಡಕ್ಕೇ ಬೀಳಿಸುವುದು ತಕ್ಷಣದ ಪರಿಹಾರ. ಪಾಚಿಯನ್ನು ಕೊಲ್ಲಲು ಮೈಲುತುತ್ತ ಅಥವಾ ಬ್ಲೀಚಿಂಗ್ ಪುಡಿ ಹಾಕಬಾರದು. ಒಮ್ಮೆಲೇ ಸತ್ತ ಪಾಚಿ ಕೊಳೆಯುವಾಗ ಉಳಿದ ಆಮ್ಲಜನಕವೂ ಮುಗಿಯುತ್ತದೆ.

ಹೀಗಾಗಲು ಹೆಚ್ಚಿನ ಪಾಲು ಮರಿಗಳ ಅತಿ ಸಂಖ್ಯೆಯೇ ಕಾರಣ. ಹೆಕ್ಟೇರಿಗೆ 5,000 ಬಿತ್ತನೆ ಮರಿ ಎಂಬ ರೂಢಿಯ ಲೆಕ್ಕದಲ್ಲಿ 21 x 21 ಮೀಟರ್ ಹೊಂಡಕ್ಕೆ ಬರುವುದು ಸುಮಾರು 220 ಮರಿ. ಗಾಳಿ ಯಂತ್ರವಿಲ್ಲದ ಅಂತಹ ಹೊಂಡಕ್ಕೆ ಎರಡು ಸಾವಿರ ಮರಿ ಕೋರಿ ಅರ್ಜಿ ಬರೆಯುವುದರಿಂದ ಅರ್ಜಿದಾರರಿಗೇ ನಷ್ಟ.

ಉಪ್ಪು ನೀರಿನ ತೊಟ್ಟಿ

ಕಡಲು ಘಟ್ಟದಾಚೆ ಇದ್ದರೂ ಕಡಲ ಮೀನಿನ ತೊಟ್ಟಿ ಇಡುವ ಆಸಕ್ತಿ ಯುವಕರಲ್ಲಿ ಕಂಡುಬರುತ್ತಿದೆ. ಇದು ಖರ್ಚಿನ ಬಾಬತ್ತು. ಸಿಹಿನೀರಿನ ತೊಟ್ಟಿಯನ್ನು ಒಂದು ವರ್ಷ ಕೆಡದಂತೆ ನಡೆಸಿದ ಮೇಲೆ ಕೈಹಾಕುವುದು ಉತ್ತಮ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅದರಂತೆ 100 ಲೀಟರಿಗೆ ಮೂರೂವರೆ ಕಿಲೋ ಸಿದ್ಧ ಕಡಲ ಲವಣ ಬೇಕಾಗುತ್ತದೆ. ಅಡುಗೆ ಉಪ್ಪಿನಿಂದ ಈ ಕೆಲಸ ಆಗದು. ಲವಣಕ್ಕೆ ನೀರು ಸುರಿಯದೆ ನೀರಿಗೆ ಲವಣವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ, ಪಂಪಿನಿಂದ ಒಂದು ದಿನ ತಿರುಗಿಸಬೇಕು. ಈ ಕ್ರಮ ತಪ್ಪಿದರೆ ಕ್ಯಾಲ್ಸಿಯಂ ಸುಣ್ಣವಾಗಿ ಬೇರ್ಪಟ್ಟು ನೀರು ಬಿಳಿಚುತ್ತದೆ, ಮತ್ತೆ ಕರಗುವುದಿಲ್ಲ. ಗಡಸು ಕೊಳವೆಬಾವಿ ನೀರಿನಲ್ಲಿ ಲವಣ ಬೆರೆಸಿದರೂ ಇದೇ ಫಲ. ಗ್ರಾಮಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಆರ್.ಓ. ವಿಧಾನದಿಂದ ಸಿಗುವ ನೀರು ಇದಕ್ಕೆ ಹೊಂದುತ್ತದೆ.

ಉಪ್ಪು ನೀರಿನಲ್ಲಿ ಜೇಡಿ ಬೇಗ ಒಗ್ಗೂಡಿ ಕೂರುವುದರಿಂದ ಮರಳನ್ನು ತೊಳೆಯದೆ ಹಾಕಿದ ಬಗ್ಗಡ ಒಂದೆರಡು ದಿನದಲ್ಲಿ ಇಳಿಯುತ್ತದೆ. ವಾರ ಕಳೆದೂ ಉಳಿದ ಬಿಳುಪು ಸುಣ್ಣ ಅಥವಾ ಬ್ಯಾಕ್ಟೀರಿಯಾ. ಎರಡನ್ನೂ ಮೇಲೆ ಹೇಳಿದ ಬಾಟಲಿ ಪರೀಕ್ಷೆಯಿಂದ ಬೇರ್ಪಡಿಸಬಹುದು. ಕಡಲ ನೀರಿನ ಪಿ.ಎಚ್. 8ರ ಮೇಲೆಯೇ ಇರುವುದರಿಂದ ಅಮೋನಿಯಾದ ವಿಷಯದಲ್ಲಿ ಆರು ವಾರಗಳ ನಿಯಮವನ್ನು ಸಡಿಲಿಸುವಂತಿಲ್ಲ.

ಅರ್ಜಿ ಹಾಗೂ ನೀರಿನ ಮಾದರಿ

2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಅಲಂಕಾರಿಕ ಮೀನು ಸಾಕಣೆ ಘಟಕಗಳಿಗೆ ಘಟಕ ವೆಚ್ಚದ ಮೇಲೆ ಸಾಮಾನ್ಯ ವರ್ಗಕ್ಕೆ ಶೇ. 40, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಮಹಿಳೆಯರಿಗೆ ಶೇ. 60ರ ಸಹಾಯಧನ ನಿಗದಿಯಾಗಿತ್ತು. ಆಯಾ ವರ್ಷದ ಅನುದಾನ ಹಾಗೂ ಗುರಿಯನ್ನು ತಾಲ್ಲೂಕಿನ ಮೀನುಗಾರಿಕೆ ಕಛೇರಿಯಲ್ಲಿ ವಿಚಾರಿಸಿಯೇ ಅರ್ಜಿ ಸಲ್ಲಿಸಬೇಕು. ಹರಪನಹಳ್ಳಿ ತಾಲ್ಲೂಕು 1997ರಿಂದ ದಾವಣಗೆರೆ ಜಿಲ್ಲೆಯಲ್ಲಿದ್ದು 2018ರಲ್ಲಿ ಬಳ್ಳಾರಿ ಜಿಲ್ಲೆಗೆ ಮರಳಿತು. 2021ರಲ್ಲಿ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಗೆ ಸೇರಿದವು. ಹಳೆಯ ದಾಖಲೆಗಳಲ್ಲಿ ಜಿಲ್ಲೆಯ ಹೆಸರು ಬೇರೆ ಇದ್ದರೆ ಅರ್ಜಿದಾರರು ಗಾಬರಿಪಡದೆ ಅರ್ಜಿಯಲ್ಲಿ ಪ್ರಸ್ತುತ ಜಿಲ್ಲೆಯನ್ನೇ ನಮೂದಿಸಬೇಕು.

ನೀರಿನ ಬಗ್ಗೆ ಸಲಹೆ ಕೋರಿ ಬರುವವರು ಎರಡು ಬಾಟಲಿ ನೀರು ತರುವುದು ಅವಶ್ಯಕ. ಒಂದು ಮೂರು ದಿನಗಳಿಂದ ಅಲುಗಾಡದೆ ಇಟ್ಟದ್ದು, ಇನ್ನೊಂದು ಅಂದೇ ಬೆಳಿಗ್ಗೆ ತುಂಬಿದ್ದು. ಮೊದಲಿನದು ದಾರಿಯಲ್ಲಿ ಕಲಕುವುದು ಖಚಿತವಾದ್ದರಿಂದ ಹೊರಡುವ ಮುನ್ನ ಮೊಬೈಲಿನಲ್ಲಿ ಅದರ ಚಿತ್ರ ತೆಗೆದುಕೊಳ್ಳಬೇಕು. ನೀರು ತುಂಬಿದ ದಿನಾಂಕ, ನೀರಿನ ಮೂಲ, ಹೊಂಡಕ್ಕೆ ಹೊದಿಕೆ ಇದೆಯೇ ಇಲ್ಲವೇ, ಈವರೆಗೆ ಹಾಕಿದ ವಸ್ತುಗಳು ಮತ್ತು ಅವುಗಳ ತೂಕ, ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ತರಬೇಕು. ಹಾಕಿದ್ದನ್ನು ಮರೆಮಾಚಿದರೆ ಸರಿಯಾದ ಸಲಹೆ ನೀಡಲು ಆಗುವುದಿಲ್ಲ.

ಮಾದರಿ ತೆಗೆಯುವಾಗ ಹೊದಿಕೆ ಇರುವ ಹೊಂಡದ ಇಳಿಜಾರಿನಲ್ಲಿ ಕಾಲಿಡಲೇಬಾರದು. ಪಾಚಿ ಹಿಡಿದ ಪಾಲಿಥೀನಿನ ಮೇಲೆ ಜಾರಿದವರು, ಈಜು ಬಲ್ಲವರಾಗಿದ್ದರೂ, ಹಿಡಿತವಿಲ್ಲದೆ ಮೇಲೇರಲಾರರು. ಕೃಷಿ ಹೊಂಡಗಳಲ್ಲಿ ಮಕ್ಕಳು ಮತ್ತು ಅವರನ್ನು ಉಳಿಸಲು ಇಳಿದ ಹಿರಿಯರು ಮುಳುಗಿದ ಘಟನೆಗಳು ರಾಜ್ಯದಲ್ಲಿ ಹಲವು ನಡೆದಿವೆ. ಬಾಟಲಿಯನ್ನು ಉದ್ದನೆಯ ಗಳಕ್ಕೆ ಕಟ್ಟಿ ದಡದಿಂದಲೇ ನೀರು ತೆಗೆಯಬೇಕು, ಜೊತೆಯಲ್ಲಿ ಇನ್ನೊಬ್ಬರು ಇರಬೇಕು. ಹೊಂಡದ ಸುತ್ತ ಬೇಲಿ ಹಾಕಿ, ಗಂಟುಗಳಿರುವ ದಪ್ಪ ಹಗ್ಗವೊಂದನ್ನು ಗೂಟಕ್ಕೆ ಬಿಗಿದು ಸದಾ ನೀರಿನವರೆಗೆ ಇಳಿಬಿಟ್ಟಿರತಕ್ಕದ್ದು.